ಹೊಸ ತಳಿ ಬಂತಂತೆ, ಹಳೇ ಲಸಿಕೆ ಕಾಯುತ್ತಾ? ತಿಳಿದುಕೊಳ್ಳುವುದು ಹೀಗೆ

ಟಿವಿಯಲ್ಲಿ ‘ಲಸಿಕೆಗೂ ಬಗ್ಗದ ಕೊರೊನಾ ತಳಿ’ ಅಂತ ಬಂದ ಕೂಡಲೇ ಗಾಬರಿಯಾಗಬೇಡಿ. ಮೊದಲು ಎರಡು ಪ್ರಶ್ನೆ ಬೇರೆ ಬೇರೆ ಮಾಡಿಕೊಳ್ಳಿ. ಸೋಂಕು ತಗಲುತ್ತಾ? ತಗಲಿದರೆ ಆಸ್ಪತ್ರೆ ಸೇರುವಷ್ಟು ಜೋರಾಗುತ್ತಾ? ಇವೆರಡನ್ನೂ ಕಲಸಿಬಿಟ್ಟಿದ್ದಕ್ಕೇ ‘ಲಸಿಕೆ ಹಾಕಿಸಿಕೊಂಡಿದ್ದು ದಂಡ’ ಅನ್ನುವ ಮಾತು ಹಬ್ಬಿದ್ದು.

ಒಮಿಕ್ರಾನ್ ನೆನಪಿದೆ ಅಲ್ವಾ? 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಪ್ರಕರಣ ಗೊತ್ತಾಗಿದ್ದು ನಮ್ಮ ಬೆಂಗಳೂರಿನಲ್ಲೇ. ವೈರಸ್ ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವುದು ಸ್ಪೈಕ್ ಎಂಬ ಮುಳ್ಳಿನಿಂದ. ಒಮಿಕ್ರಾನ್‌ನ ಆ ಮುಳ್ಳಿನಲ್ಲೇ 30ಕ್ಕೂ ಹೆಚ್ಚು ಬದಲಾವಣೆ. ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳು (ವೈರಸ್‌ಗೆ ಅಂಟಿ ತಡೆಯುವ ಆ್ಯಂಟಿಬಾಡಿಗಳು) ಮುಖ್ಯವಾಗಿ ಹಿಡಿಯುತ್ತಿದ್ದುದು ಅದನ್ನೇ, ಹಾಗಾಗಿ ಹಿಡಿತ ಸಡಿಲವಾಗಿ ಎರಡು ಡೋಸ್ ಆದವರಿಗೂ ಸೋಂಕು ಬಂತು. ಲಸಿಕೆ ತಯಾರು ಮಾಡುವ ಇನ್ನೊಂದು ಪಡೆ ಟಿ ಸೆಲ್, ಅಂದರೆ ಸೋಂಕಿನ ಜೊತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಅದರ ದಾರಿ ಬೇರೆ. ಸೋಂಕು ತಗಲಿದ ಜೀವಕೋಶ ವೈರಸ್‌ನ ಪ್ರೋಟೀನನ್ನು ಚೂರು ಮಾಡಿ ತನ್ನ ಹೊರಮೈಮೇಲೆ ಇಡುತ್ತದೆ, ಟಿ ಸೆಲ್ ಆ ಚೂರನ್ನು ಗುರುತಿಸಿ ಇಡೀ ಜೀವಕೋಶವನ್ನೇ ಮುಗಿಸುತ್ತದೆ. ಒಮಿಕ್ರಾನ್‌ನಲ್ಲೂ ಇಂಥ ಚೂರುಗಳಲ್ಲಿ ಬಹುಪಾಲು ಹಳೆಯವೇ. ಜೋರಾದ ಕಾಯಿಲೆಯಿಂದ ರಕ್ಷಣೆ ತಕ್ಕಮಟ್ಟಿಗೆ ಉಳಿದಿದ್ದಕ್ಕೆ ಇದು ದೊಡ್ಡ ಕಾರಣ.

ಮುಂದಿನ ಕೆಲಸ, ಕೋವಿನ್ ಸರ್ಟಿಫಿಕೇಟ್ ತೆಗೆದು ಕೊನೆಯ ಡೋಸ್‌ನ ತಾರೀಕು ನೋಡಿ. ಆಮೇಲೆ ಕೋವಿಡ್ ಬಂದಿದ್ದರೆ ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ, ಅದೂ ಲೆಕ್ಕಕ್ಕೆ ಬರುತ್ತದೆ. ಪ್ರತಿಕಾಯ ಕೆಲವೇ ತಿಂಗಳಲ್ಲಿ ಇಳಿಯುತ್ತದೆ, ಟಿ ಸೆಲ್ ನೆನಪು ಅದಕ್ಕಿಂತ ಜಾಸ್ತಿ ದಿನ ಇರುತ್ತದೆ.

ಸುಮ್ನೆ ಲ್ಯಾಬಿಗೆ ಹೋಗಿ ಆ್ಯಂಟಿಬಾಡಿ ಟೆಸ್ಟ್ ಮಾಡಿಸಬೇಡಿ. ರಿಪೋರ್ಟ್‌ನಲ್ಲಿ ‘250ಕ್ಕಿಂತ ಹೆಚ್ಚು’ ಅಂತ ನೋಡಿ ಖುಷಿಪಟ್ಟವರು ಎಷ್ಟೋ ಜನ. ಆಗ ಬಳಕೆಯಲ್ಲಿದ್ದ ಕಿಟ್‌ಗಳು ಅಳೆಯುತ್ತಿದ್ದುದು ಮೊದಲ ವೈರಸ್‌ನ ಮುಳ್ಳಿಗೆ ಅಂಟುವ ಪ್ರತಿಕಾಯವನ್ನು. ಹೊಸ ತಳಿಯನ್ನು ಅದು ತಡೆಯುತ್ತಾ ಅನ್ನೋದು ಆ ಅಂಕಿಯಿಂದ ತಿಳಿಯಲ್ಲ.

ನಂತರ ಮನೆಯಲ್ಲಿ ಯಾರಿದ್ದಾರೆ ನೋಡಿ. 60 ದಾಟಿದವರು, ಡಯಾಲಿಸಿಸ್‌ನಲ್ಲಿ ಇರುವವರು, ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವವರು, ಕಿಡ್ನಿಯಂಥ ಅಂಗಾಂಗ ಕಸಿ ಮಾಡಿಸಿಕೊಂಡವರು ಇದ್ದರೆ ಈ ಲೆಕ್ಕವನ್ನೆಲ್ಲ ಅವರಿಗಾಗಿಯೇ ಹಾಕಿ. ಇವರಲ್ಲಿ ಹಲವರಿಗೆ ಲಸಿಕೆಯಿಂದ ಸಿಗುವ ಬಲವೇ ಕಡಿಮೆ. 2022ರ ಜನವರಿಯಲ್ಲಿ ಮುನ್ನೆಚ್ಚರಿಕೆ ಡೋಸ್ (ಎರಡರ ಮೇಲೆ ಮೂರನೆಯದು) ಶುರುವಾದಾಗ ಆರೋಗ್ಯ ಸಿಬ್ಬಂದಿಯ ಜೊತೆ, ಬೇರೆ ಕಾಯಿಲೆಗಳಿರುವ 60 ದಾಟಿದವರಿಗೂ ಮೊದಲೇ ಕೊಟ್ಟಿದ್ದು ಸುಮ್ನೆ ಅಲ್ಲ. ಬರೆದಿಟ್ಟ ತಾರೀಕುಗಳನ್ನು ಅವರ ಡಾಕ್ಟರಿಗೆ ತೋರಿಸಿ, ಇನ್ನೊಂದು ಡೋಸ್ ಬೇಕಾ ಅಂತ ಕೇಳಿ. ಮನೆಯಲ್ಲಿ ಯಾರಿಗಾದರೂ ನೆಗಡಿ, ಜ್ವರ ಬಂದರೆ ಅವರು ಮಾಸ್ಕ್ ಹಾಕಿಕೊಂಡು ಬೇರೆ ಕೋಣೆಯಲ್ಲಿ ಮಲಗಲಿ.

ಫ್ಲೂ ಲಸಿಕೆ ಬೇರೆ, ಅದು ಕೋವಿಡ್ ತಡೆಯಲ್ಲ. ಅದನ್ನು ಪ್ರತಿ ವರ್ಷ ಹಾಕಿಸಬೇಕು, ಮಳೆಗಾಲಕ್ಕೆ ಮುಂಚೆ ಆದರೆ ಒಳ್ಳೆಯದು.