ಡ್ಯಾಶ್‌ಬೋರ್ಡ್ ದೀಪ ಹೊತ್ತಿದಾಗ: ದೋಷ ಎಂಜಿನ್‌ನಲ್ಲೋ, ಮೀಟರಿನಲ್ಲೋ?

ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಂಡಾಗ ಅಥವಾ ಮೀಟರಿನ ಮುಳ್ಳು ಎಂದಿನ ಜಾಗ ಬಿಟ್ಟು ಸರಿದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕೆಟ್ಟಿರುವುದು ಎಂಜಿನ್ನೋ, ಅದರ ಸ್ಥಿತಿಯನ್ನು ತಿಳಿಸುವ ಸೆನ್ಸರ್, ವೈರು ಅಥವಾ ಮೀಟರೋ? ಅದೇ ಸಂಗತಿಯನ್ನು ಬೇರೊಂದು ದಾರಿಯಿಂದ ಅಳೆದು ನೋಡಿದರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ. ಆದರೆ ಕೆಂಪು ದೀಪದ ವಿಷಯದಲ್ಲಿ, ಪರೀಕ್ಷೆ ಮುಗಿಯುವವರೆಗೂ ಅದು ಹೇಳುತ್ತಿರುವುದು ನಿಜವೆಂದೇ ಭಾವಿಸಿ ಕಾರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಸಾಮಾನ್ಯವಾಗಿ ಗ್ಯಾರೇಜಿನವರೆಗೆ ಎಚ್ಚರಿಕೆಯಿಂದ ಹೋಗಬಹುದು.

ಪರೀಕ್ಷೆಯನ್ನು ಎಂಜಿನ್ ಚಾಲೂ ಮಾಡುವ ಮೊದಲೇ ಆರಂಭಿಸಬೇಕು. ಇಗ್ನಿಷನ್ ಆನ್ ಮಾಡಿದಾಗ ಮುಖ್ಯ ಎಚ್ಚರಿಕೆ ದೀಪಗಳೆಲ್ಲ ಒಮ್ಮೆ ಹೊತ್ತಿಕೊಂಡು, ಕೆಲವು ಕ್ಷಣಗಳಲ್ಲಿ ಕೆಲವು, ಎಂಜಿನ್ ಚಾಲೂ ಆದ ಮೇಲೆ ಉಳಿದವು ಆರುತ್ತವೆ. ಆರದ ದೀಪವನ್ನು ಎಲ್ಲರೂ ಗಮನಿಸುತ್ತಾರೆ. ಹೊತ್ತಿಕೊಳ್ಳದೇ ಇದ್ದ ದೀಪವನ್ನು ಗಮನಿಸುವವರು ಕಡಿಮೆ. ಹಳೆಯ ಕಾರು ಕೊಳ್ಳುವವರು ಇದನ್ನು ತಪ್ಪದೆ ನೋಡಬೇಕು, ಏಕೆಂದರೆ ದೋಷ ಮುಚ್ಚಿಡಲು ಯಾರಾದರೂ ಬಲ್ಬನ್ನೇ ತೆಗೆದಿರುವ ಸಾಧ್ಯತೆ ಇರುತ್ತದೆ.

ಎರಡನೆಯ ಹಂತದಲ್ಲಿ, ತೊಂದರೆ ಒಂದೇ ಮೀಟರಿಗೆ ಸೀಮಿತವೋ, ಹಲವಕ್ಕೆ ಒಟ್ಟಿಗೆ ಬಂದಿದೆಯೋ ಎಂದು ನೋಡಿ. ಸಂಬಂಧವಿಲ್ಲದ ಮೂರು ನಾಲ್ಕು ಮೀಟರುಗಳು ಏಕಕಾಲದಲ್ಲಿ ಕೆಡುವುದು ಅಪರೂಪವಾದ್ದರಿಂದ, ಅವುಗಳಿಗೆ ಸಮಾನವಾಗಿರುವ ಫ್ಯೂಸ್, ಅರ್ಥ್ ವೈರು (ಕಾರಿನ ಲೋಹದ ಮೈಗೆ ಜೋಡಿಸಿದ ವೈರು) ಮತ್ತು ಬ್ಯಾಟರಿ ಟರ್ಮಿನಲ್‌ಗಳನ್ನು ಮೊದಲು ಪರೀಕ್ಷಿಸಬೇಕು. ಸುಟ್ಟ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನ ಫ್ಯೂಸನ್ನೇ ಹಾಕಬೇಕು. ಅದೂ ಸುಟ್ಟರೆ ಎಲ್ಲೋ ಶಾರ್ಟ್ ಸರ್ಕ್ಯೂಟ್ ಇದೆ ಎಂದರ್ಥ. ಬ್ಯಾಟರಿ ದುರ್ಬಲವಾಗಿದ್ದರೂ ಸ್ಟಾರ್ಟ್ ಮಾಡುವಾಗ ಹಲವು ದೀಪಗಳು ವಿನಾಕಾರಣ ಹೊತ್ತಿಕೊಳ್ಳಬಹುದು.

ತೊಂದರೆ ಒಂದೇ ಸೂಚಕದ್ದಾಗಿದ್ದರೆ ಅದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ಎಲ್ಲಕ್ಕಿಂತ ಗಂಭೀರವಾದದ್ದು ಕೆಂಪು ಆಯಿಲ್ ದೀಪ. ಅದು ಸಾಮಾನ್ಯವಾಗಿ ತಿಳಿಸುವುದು ಆಯಿಲ್‌ನ ಮಟ್ಟವನ್ನಲ್ಲ, ಒತ್ತಡವನ್ನು. ಓಡಿಸುವಾಗ ಹೊತ್ತಿಕೊಂಡರೆ ಬೇಗನೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ, ಸಮತಟ್ಟಾದ ಜಾಗದಲ್ಲಿ ಕೆಲವು ನಿಮಿಷ ಕಾದು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಬೇಕು. ಆಯಿಲ್ ಸಾಕಷ್ಟಿದ್ದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸಿ ಹೊರಡುವುದು ಅಪಾಯಕಾರಿ. ಪಂಪ್ ಸವೆದಿದ್ದರೂ, ಆಯಿಲ್ ಹೀರುವ ಜಾಲರಿ ಕಟ್ಟಿಕೊಂಡಿದ್ದರೂ, ಬೇರಿಂಗ್‌ಗಳು ಸಡಿಲವಾಗಿದ್ದರೂ ಒತ್ತಡ ಕುಸಿಯುತ್ತದೆ. ಮೆಕ್ಯಾನಿಕ್ ಆ ಪ್ರೆಷರ್ ಸ್ವಿಚ್ಚನ್ನು ಬಿಚ್ಚಿ ಅದರ ಜಾಗಕ್ಕೆ ಪ್ರತ್ಯೇಕ ಪ್ರೆಷರ್ ಗೇಜ್ ಜೋಡಿಸಿ, ಒತ್ತಡ ಸರಿಯಾಗಿದೆಯೆಂದು ಖಚಿತಪಡಿಸಿದ ಮೇಲಷ್ಟೇ ಸ್ವಿಚ್ಚನ್ನು ದೂರಬಹುದು.

ಟೆಂಪರೇಚರ್ ಮೀಟರ್ ಸ್ವಲ್ಪ ಕಪಟಿ. ಅನೇಕ ಕಾರುಗಳಲ್ಲಿ, ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟ್‌ನ ಬಿಸಿ ಸಣ್ಣಪುಟ್ಟದಾಗಿ ಏರಿಳಿದರೂ ಮುಳ್ಳು ನಡುವಿನಲ್ಲೇ ನಿಲ್ಲುವಂತೆ ತಯಾರಕರೇ ಹೊಂದಿಸಿರುತ್ತಾರೆ. ಹಾಗಾಗಿ ಅದು ನಡುವಿನಿಂದ ಮೇಲಕ್ಕೆ ಸರಿಯಿತೆಂದರೆ ಬಿಸಿ ಆಗಲೇ ಸಾಕಷ್ಟು ಏರಿರುತ್ತದೆ. ಇನ್ನೊಂದು ವಿಚಿತ್ರವೂ ಉಂಟು: ಕೂಲಂಟ್ ಸೋರಿ ಸೆನ್ಸರಿನ ತುದಿ ದ್ರವದಲ್ಲಿ ಮುಳುಗಿರದಿದ್ದರೆ, ಎಂಜಿನ್ ಕಾದು ಕೆಂಡವಾಗುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಆಗ ಹೀಟರಿನಿಂದ ತಣ್ಣನೆಯ ಗಾಳಿ ಬರುವುದು ಒಂದು ಸುಳಿವು. ಎಷ್ಟು ಓಡಿಸಿದರೂ ಮುಳ್ಳು ನಡುವಿಗೆ ಬಾರದಿದ್ದರೆ ಕೂಲಂಟ್ ಹರಿವನ್ನು ನಿಯಂತ್ರಿಸುವ ಕವಾಟವಾದ ಥರ್ಮೋಸ್ಟಾಟ್ ತೆರೆದೇ ಉಳಿದಿರುವ ಸಂಭವ ಹೆಚ್ಚು. ಸೆನ್ಸರನ್ನು ಪರೀಕ್ಷಿಸಲು, ರಾತ್ರಿಯಿಡೀ ನಿಂತಿದ್ದ ಕಾರಿಗೆ ಬೆಳಿಗ್ಗೆ, ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸ್ಕ್ಯಾನರ್ ಜೋಡಿಸಿ, ಕೂಲಂಟ್‌ನ ಉಷ್ಣತೆಯನ್ನೂ ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯ ಉಷ್ಣತೆಯನ್ನೂ ಹೋಲಿಸಿ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಬಿಸಿಯಾಗಿರುವ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು.

ಬ್ಯಾಟರಿ ದೀಪ ಹೊತ್ತಿದರೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಸಾಕು. ಎಂಜಿನ್ ನಿಂತಿರುವಾಗ ಆರೋಗ್ಯವಂತ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರುತ್ತದೆ. ಹೆಡ್‌ಲೈಟ್ ಹಾಕಿ ಎಂಜಿನ್ ಓಡಿಸಿದಾಗ ಅದು ಸಾಮಾನ್ಯವಾಗಿ 13.5ರಿಂದ 14.7ರ ನಡುವೆ ಬರಬೇಕು. ಏರದಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಕಡೆ ನೋಡಿ. ಕೆಲವು ಕಾರುಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವುದರಿಂದ, ಬೆಲ್ಟ್ ಹರಿದಿದ್ದರೆ ಕಾರನ್ನು ಮುಂದೆ ಓಡಿಸಬಾರದು.

ಇಂಧನದ ಮುಳ್ಳು ಟ್ಯಾಂಕ್ ತುಂಬಿಸಿದ ಮೇಲೂ ಅಲುಗದಿದ್ದರೆ ಟ್ಯಾಂಕಿನೊಳಗೆ ಇಂಧನದ ಮೇಲೆ ತೇಲುವ ಫ್ಲೋಟ್ ಅಥವಾ ಅದರ ಸೆನ್ಸರ್ ಕೆಟ್ಟಿರಬಹುದು. ಅಲ್ಲಿನ ವೈರುಗಳೊಂದಿಗೆ ಮನೆಯಲ್ಲಿ ಪ್ರಯೋಗ ಮಾಡುವುದು ಬೇಡ. ಕೆಂಪು ಬ್ರೇಕ್ ದೀಪ ಹೊತ್ತಿದರೆ ಮೊದಲು ಹ್ಯಾಂಡ್‌ಬ್ರೇಕ್, ನಂತರ ಬ್ರೇಕ್ ಆಯಿಲ್‌ನ ಮಟ್ಟ ನೋಡಬೇಕು. ಪ್ಯಾಡ್‌ಗಳು ಸವೆದರೂ ಈ ಮಟ್ಟ ಇಳಿಯುತ್ತದೆ. ಎಬಿಎಸ್ ದೀಪವೊಂದೇ ಹೊತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತಿರುತ್ತದೆ, ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಮಾತ್ರ ನಿಂತಿರುತ್ತದೆ; ಅದರ ಜೊತೆಗೆ ಸ್ಪೀಡೋಮೀಟರ್ ಸಹ ಕೈಕೊಟ್ಟಿದ್ದರೆ ಚಕ್ರದ ವೇಗದ ಸೆನ್ಸರನ್ನು ಶಂಕಿಸಬಹುದು. ಏರ್‌ಬ್ಯಾಗ್ ದೀಪಕ್ಕೆ ಸಂಬಂಧಿಸಿದ ವೈರುಗಳಿಗೆ ಮಲ್ಟಿಮೀಟರ್ ತಾಗಿಸಲೇಬಾರದು, ಚೀಲ ಸ್ಫೋಟಿಸಿ ತೆರೆದುಕೊಳ್ಳುವ ಅಪಾಯವಿದೆ.

ಹಳದಿ ಬಣ್ಣದ ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಎಂಜಿನ್ ಮಿಸ್‌ಫೈರ್ ಆಗುತ್ತಿದೆ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ) ಎಂದೂ, ಉರಿಯದ ಇಂಧನ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡಬಹುದೆಂದೂ ತಿಳಿದು ವೇಗ ತಗ್ಗಿಸಿ ನಿಲ್ಲಿಸಬೇಕು. ಸ್ಥಿರವಾಗಿ ಉರಿಯುತ್ತಿದ್ದರೆ ಡ್ಯಾಶ್‌ಬೋರ್ಡಿನ ಕೆಳಗಿರುವ 16 ಪಿನ್‌ಗಳ ಒಬಿಡಿ (ಕಾರಿನ ಸ್ವಯಂ ತಪಾಸಣಾ ವ್ಯವಸ್ಥೆಯ) ಕನೆಕ್ಟರಿಗೆ ಸ್ಕ್ಯಾನರ್ ಹಾಕಿ, ದಾಖಲಾಗಿರುವ ದೋಷದ ಕೋಡ್ ಓದಬೇಕು. ಕೋಡ್ ತಿಳಿಸುವುದು ಲಕ್ಷಣವನ್ನೇ ಹೊರತು ಬದಲಿಸಬೇಕಾದ ಭಾಗವನ್ನಲ್ಲ. ಉದಾಹರಣೆಗೆ ಪಿ0171 ಎಂದರೆ ಮಿಶ್ರಣದಲ್ಲಿ ಇಂಧನ ಕಡಿಮೆ ಎಂದಷ್ಟೇ. ಅದಕ್ಕೆ ಬಿರುಕುಬಿಟ್ಟ ಹೋಸ್ ಪೈಪ್, ಕೊಳೆಯಾದ ಗಾಳಿಯ ಸೆನ್ಸರ್, ಸೋತ ಇಂಧನ ಪಂಪ್ ಯಾವುದಾದರೂ ಕಾರಣವಾಗಿರಬಹುದು. ಕೋಡನ್ನೂ, ದೋಷ ಕಾಣಿಸಿಕೊಂಡ ಕ್ಷಣದಲ್ಲಿ ಕಂಪ್ಯೂಟರ್ ದಾಖಲಿಸಿಟ್ಟ ವೇಗ, ಉಷ್ಣತೆ ಮುಂತಾದ ವಿವರಗಳನ್ನೂ ಬರೆದುಕೊಂಡ ಮೇಲಷ್ಟೇ ಕೋಡ್ ಅಳಿಸಬೇಕು, ಏಕೆಂದರೆ ಅಳಿಸಿದೊಡನೆ ಆ ದಾಖಲೆಯೂ ಹೋಗುತ್ತದೆ. ಅಳಿಸಿದ ಮೇಲೆ ದೀಪ ಆರಿದರೂ ಕೂಡಲೇ ದುರಸ್ತಿ ಮುಗಿಯಿತೆನ್ನಲಾಗದು. ಕೆಲವು ಸ್ವಯಂಪರೀಕ್ಷೆಗಳನ್ನು ಕಂಪ್ಯೂಟರ್ ಪೂರೈಸಲು ತಣ್ಣಗಿನ ಸ್ಟಾರ್ಟ್‌ನಿಂದ ಹಿಡಿದು ಹೆದ್ದಾರಿಯ ಓಟದವರೆಗೆ ಹಲವು ದಿನಗಳ ಬಳಕೆ ಬೇಕಾಗುತ್ತದೆ.