ಶಾಲಿನ ಜೊತೆಗೆ ಮೂರು ಸಾಲು

ಸೆಪ್ಟೆಂಬರ್ 15 ಹತ್ತಿರ ಬಂತೆಂದರೆ ನಮ್ಮ ಎಂಜಿನಿಯರುಗಳ ಸಂಘದಲ್ಲಿ ಒಂದೇ ಮಾತು: ಈ ಸಲ ಸನ್ಮಾನ ಯಾರಿಗೆ? ವಿಶ್ವೇಶ್ವರಯ್ಯನವರು ಹುಟ್ಟಿದ ದಿನ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲಾ ಇರುತ್ತದೆ. ನಾನು ಕಾರ್ಯದರ್ಶಿ ಆದ ವರ್ಷ ಹಳೆಯ ಆಮಂತ್ರಣ ಪತ್ರಿಕೆಗಳನ್ನು ತೆಗೆದು ನೋಡಿದೆ. ಸನ್ಮಾನ ಪಡೆದವರಲ್ಲಿ ಜಾಸ್ತಿ ಜನ ದೊಡ್ಡ ಹುದ್ದೆಯವರು, ಇಲ್ಲವೇ ಕಾರ್ಯಕ್ರಮಕ್ಕೆ ಹಣ ಕೊಟ್ಟವರು. ಅವರನ್ನು ಗೌರವಿಸಿದ್ದು ತಪ್ಪಲ್ಲ. ಆದರೆ ಸಂಘ ನಡೆಯುತ್ತಿದ್ದದ್ದು ಬೇರೆಯವರ ದುಡಿಮೆಯಿಂದ.

ಅಂಥ ಒಬ್ಬರ ವಿಷಯ ಹೇಳಬೇಕು. ಅವರು ಭಾನುವಾರ ಬೆಳಗ್ಗೆ ಕಬ್ಬಿಣದ ಸರಳು ಬಗ್ಗಿಸುವ ಬಾರ್ ಬೆಂಡಿಂಗ್ ಹುಡುಗರನ್ನು ಕೂರಿಸಿಕೊಂಡು, ಕಾಲಂ ಅಂದರೆ ಕಂಬದ ಉದ್ದದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗ್ ಕಟ್ಟುವುದನ್ನು ಕಲಿಸುತ್ತಿದ್ದರು. ಕಾಲಂ ರಿಂಗಿನ ತುದಿಯನ್ನು 90 ಡಿಗ್ರಿಗೆ ಬಗ್ಗಿಸಿ ಬಿಟ್ಟುಬಿಡುವುದು ನಮ್ಮ ಕಡೆಯ ಸೈಟುಗಳಲ್ಲಿ ರೂಢಿ. ಭೂಕಂಪ ತಾಳುವ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 13920 ಪ್ರಕಾರ ಅದನ್ನು 135 ಡಿಗ್ರಿಗೆ ಬಗ್ಗಿಸಬೇಕು, ತುದಿ ಕಾಂಕ್ರೀಟಿನ ಒಳಕ್ಕೆ ಹೋಗಬೇಕು. ಭೂಕಂಪದಲ್ಲಿ ಹೊರಗಿನ ಕವರ್, ಅಂದರೆ ಸರಳನ್ನು ಮುಚ್ಚಿದ ಕಾಂಕ್ರೀಟ್ ಪದರ, ಉದುರಿದರೆ 90 ಡಿಗ್ರಿಯ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಉದ್ದದ ಸರಳುಗಳನ್ನು ಹಿಡಿಯುವವರು ಯಾರೂ ಇಲ್ಲ. ಇದನ್ನು ಅವರು ಸ್ವಂತ ದುಡ್ಡಿನಲ್ಲಿ ತಂದ ಸರಳನ್ನು ಬಗ್ಗಿಸಿ, ಬಿಚ್ಚಿ ತೋರಿಸುತ್ತಿದ್ದರು. ಒಂದು ವರ್ಷ ಅವರು ಸದಸ್ಯತ್ವದ ಹಣ ಕಟ್ಟಲಿಲ್ಲ. ಫೋನ್ ಮಾಡಿದೆ. "ನಾನು ಇದ್ದರೂ ಬಿಟ್ಟರೂ ಯಾರಿಗೂ ಗೊತ್ತಾಗಲ್ಲ, ಬಿಡಿ" ಅಂದರು. ಕೋಪ ಇರಲಿಲ್ಲ ದನಿಯಲ್ಲಿ. ಅದೇ ನನಗೆ ಜಾಸ್ತಿ ನೋವಾಯಿತು.

ಮೊದಲು ಅಂಕ ಕೊಡುವ ಪದ್ಧತಿ ತಂದೆವು. ಸಭೆಗೆ ಬಂದರೆ 1, ಹೊಸಬರನ್ನು ಸೇರಿಸಿದರೆ 3, ಉಪನ್ಯಾಸ ಕೊಟ್ಟರೆ 5. ಆರು ತಿಂಗಳಲ್ಲೇ ಕೈಬಿಟ್ಟೆವು. ಜನ ಬಂದು ಸಹಿ ಹಾಕಿ ಎದ್ದು ಹೋಗುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಕಿರಿಯ ಎಂಜಿನಿಯರ್ ಒಬ್ಬ ಗಾಬರಿಯಿಂದ ಫೋನ್ ಮಾಡಿದಾಗ ಅವನ ಜೊತೆ ಕೂತು ಫೂಟಿಂಗ್ (ಅಡಿಪಾಯ) ಲೆಕ್ಕ ನೋಡಿಕೊಟ್ಟವರಿಗೆ ಎಷ್ಟು ಅಂಕ? ಅದಕ್ಕೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಆಮೇಲೆ 200 ಪುಟದ ಒಂದು ನೋಟ್‌ಬುಕ್ ತಂದೆ. ಪ್ರತಿ ತಿಂಗಳು ಹತ್ತು ಸದಸ್ಯರಿಗೆ ಫೋನ್. "ನೀವೇನು ಮಾಡಿದಿರಿ?" ಎಂದು ಕೇಳಲಿಲ್ಲ. ಮಾಡಿದ್ದನ್ನು ತಾವೇ ಹೇಳಿಕೊಳ್ಳುವುದಕ್ಕೆ ನಮ್ಮವರಿಗೆ ಸಂಕೋಚ, ಅಲ್ವಾ? "ಈಚೆಗೆ ನಿಮಗೆ ಯಾರಿಂದ ಉಪಕಾರ ಆಯ್ತು?" ಎಂದು ಕೇಳಿದೆ. ಇಷ್ಟು ಬದಲಾಯಿಸಿದ್ದಕ್ಕೆ ಪುಟಗಳು ತುಂಬತೊಡಗಿದವು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿದಾಗ ನಮ್ಮ ಇಬ್ಬರು ಸದಸ್ಯರು ಹಳ್ಳಿಗಳಿಗೆ ಹೋಗಿ, ಎರೆಮಣ್ಣಿನ ಮೇಲೆ ನಿಂತ ಮನೆಗಳ ಬಿರುಕು ನೋಡಿ, ಯಾವ ಗೋಡೆಯ ಪಕ್ಕ ಮಲಗಬಾರದು ಎಂದು ಮನೆಮನೆಗೆ ಹೇಳಿ ಬಂದಿದ್ದರಂತೆ. ಸಂಘಕ್ಕೆ ಇದು ತಿಳಿದದ್ದು ವರ್ಷಗಳ ಮೇಲೆ, ಈ ನೋಟ್‌ಬುಕ್ಕಿನಿಂದ. ಇನ್ನೊಬ್ಬ ಸದಸ್ಯೆ ತಮ್ಮ ಹತ್ತಿರವಿದ್ದ ಕೋಡ್ (ಮಾನದಂಡ) ಪುಸ್ತಕಗಳನ್ನು ಎರವಲು ಕೊಡುತ್ತಿದ್ದರು. ಹತ್ತಾರು ಹುಡುಗರು ಕಾಂಕ್ರೀಟ್ ಕೆಲಸದ ಕೋಡ್ ಆದ ಐಎಸ್ 456 ಮೊದಲು ಮುಟ್ಟಿದ್ದು ಅವರ ಮನೆಯಲ್ಲೇ.

ಸನ್ಮಾನ ಪತ್ರವನ್ನೂ ಬದಲಾಯಿಸಿದೆವು. 'ಸರಳ ಸಜ್ಜನಿಕೆಯ', 'ಬಹುಮುಖ ಪ್ರತಿಭೆಯ' ಎಂಬ ಮಾತು ಬೇಡ. ಮೂರೇ ಸಾಲು: ಏನು ಮಾಡಿದರು, ಎಲ್ಲಿ, ಯಾರಿಗೆ. ಅದನ್ನು ಓದಬೇಕಾದವರು ಉಪಕಾರ ಪಡೆದವರೇ. ಪದಾಧಿಕಾರಿಗಳು ಅಧಿಕಾರದಲ್ಲಿ ಇರುವವರೆಗೆ ಅವರ ಹೆಸರು ಬರಕೂಡದು. ಈ ಕೊನೆಯ ನಿಯಮಕ್ಕೆ ಎರಡು ಸಭೆ ಜಗಳವಾಯಿತು. ನಾನು ಬಿಟ್ಟುಕೊಡಲಿಲ್ಲ.

ಇನ್ನೊಂದು ಕೆಲಸವೂ ಬಾಕಿ ಇತ್ತು. 1920ರಲ್ಲಿ ಶುರುವಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್‌ನಲ್ಲಿ ಅಸೋಸಿಯೇಟ್ ಮೆಂಬರ್, ಮೆಂಬರ್, ಫೆಲೋ ಎಂಬ ಮೆಟ್ಟಿಲುಗಳಿವೆ. ಅನುಭವ ಇದ್ದೂ ನಮ್ಮ ಎಷ್ಟೋ ಜನ ಮೊದಲ ಮೆಟ್ಟಿಲಲ್ಲೇ ನಿಂತಿದ್ದರು. ಅರ್ಜಿ ತುಂಬಿ, ದಾಖಲೆ ಜೋಡಿಸುವ ಪುರುಸೊತ್ತು ಯಾರಿಗಿದೆ? ಶನಿವಾರ ಸಂಜೆ ನಾವೇ ಅವರ ಜೊತೆ ಕೂತೆವು. ಒಬ್ಬ ಹಿರಿಯರು ತಾವು ಮಾಡಿದ ಸೇತುವೆಗಳ ಹೆಸರು ಒಂದೊಂದಾಗಿ ನೆನಪಿಸಿಕೊಂಡು ಬರೆಸುವಾಗ ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡರು.

ಹೊಸ ರೀತಿಯ ಮೊದಲ ಸನ್ಮಾನ ಆ ಭಾನುವಾರದ ಮೇಷ್ಟರಿಗೇ. ಮೂರು ಸಾಲು ಓದಲು ವೇದಿಕೆಗೆ ಬಂದವನು ಅವರ ಹತ್ತಿರ ಕಲಿತ ಬಾರ್ ಬೆಂಡರ್. ಅವನಿಗೆ ಓದು ತಡವರಿಸಿತು. ಕಾಗದ ಮಡಚಿ ಜೇಬಿಗಿಟ್ಟು, ಚೀಲದಿಂದ ಒಂದು ರಿಂಗ್ ತೆಗೆದು ಎತ್ತಿ ಹಿಡಿದ. "ಈ ಕೊಕ್ಕೆ ಸಾರ್ ಕಲಿಸಿದ್ದು. ಈಗ ನನ್ನ ಗುಂಪಿನಲ್ಲಿ ಎಲ್ಲರೂ ಹಿಂಗೇ ಕಟ್ಟತೀವಿ." ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೇಷ್ಟರು ಹೋಗುವಾಗ ಆ ರಿಂಗನ್ನು ಕೇಳಿ ತಗೊಂಡು ಹೋದರು.

ಭಾನುವಾರದ ಕ್ಲಾಸ್ ಮತ್ತೆ ನಡೆಯುತ್ತಿದೆ. ಸರಳು ಈಗ ಸಂಘದ ಖರ್ಚಿನಲ್ಲಿ ಬರುತ್ತದೆ.