‘ಆಗಬೇಕಿತ್ತು’ ಎಂಬ ಒಂದು ಮಾತಿಗೆ ಮೂರು ವಾರ

‘ನಾಕ್ಟುರಾಮಾ’ ಎಂಬ ಫ್ರೆಂಚ್ ಸಿನಿಮಾದಲ್ಲಿ ಆ ಹುಡುಗಿ ಕಾಣಿಸಿಕೊಳ್ಳುವುದು ಒಂದೇ ದೃಶ್ಯದಲ್ಲಿ. ರಾತ್ರಿ, ಖಾಲಿ ರಸ್ತೆ, ಕೈಯಲ್ಲಿ ಸೈಕಲ್. ಪ್ಯಾರಿಸಿನಲ್ಲಿ ಬಾಂಬ್ ಸಿಡಿದಿದೆ. ಸಿಡಿಸಿದವರಲ್ಲಿ ಒಬ್ಬ ಅಡಗಿದ ಜಾಗದಿಂದ ಹೊರಗೆ ಬಂದು, ಏನೂ ತಿಳಿಯದವನ ಹಾಗೆ ಅವಳ ಹತ್ತಿರ ಮಾತಾಡುತ್ತಾನೆ. ಇದು ಆಗಬೇಕಿತ್ತು ಅನ್ನುವ ಅರ್ಥದ ಮಾತೊಂದನ್ನು ಅವಳು ಹೇಳುತ್ತಾಳೆ, ಹೋಗುತ್ತಾಳೆ. ನಟಿ ಅಡೆಲ್ ಹನೆಲ್. ಕನ್ನಡ ಸಬ್‌ಟೈಟಲ್ ಬರೆಯುವಾಗ ನಾನು ತಲೆ ಕೆರೆದುಕೊಂಡದ್ದು ಆ ಒಂದು ಮಾತಿಗೆ.

ಮೊದಲಿಂದ ಹೇಳುತ್ತೇನೆ. ನಾವು ಕಾಸರಗೋಡಿನ ಏಳೆಂಟು ಜನ ತಿಂಗಳಿಗೊಂದು ಸಲ ವಾಚನಾಲಯದ ಹಾಲ್‌ನಲ್ಲಿ ಸಿನಿಮಾ ಹಾಕುತ್ತೇವೆ. ಈ ಕಡೆ ಅದು ಹೊಸತಲ್ಲ, ಕೇರಳದಲ್ಲಿ ಫಿಲ್ಮ್ ಸೊಸೈಟಿ ಶುರುವಾದದ್ದು 1965ರಲ್ಲಿ. ಮಲಯಾಳಂ ಸಬ್‌ಟೈಟಲ್ ಬೇಕಾದಷ್ಟು ಸಿಗುತ್ತದೆ. ಕನ್ನಡದಲ್ಲಿ ಹುಡುಕಿದರೆ ಬರಿಗೈ. ಆದರೆ ನಮ್ಮ ಹಾಲ್‌ಗೆ ಬರುವವರಲ್ಲಿ ಅರ್ಧ ಜನ ಕನ್ನಡ ಮೀಡಿಯಂನಲ್ಲಿ ಕಲಿತವರು. ಮಲಯಾಳಂ ಮಾತಾಡುತ್ತಾರೆ, ಓದುವಾಗ ಮಾತ್ರ ಸಾಲು ಮುಗಿಯುವ ಮೊದಲೇ ಅಕ್ಷರ ಮಾಯ. ಅದಕ್ಕೆ ಕನ್ನಡದ್ದನ್ನು ನಾನೇ ಮಾಡುತ್ತೇನೆ ಅಂದೆ. ಯಾರೂ ಬೇಡ ಅನ್ನಲಿಲ್ಲ!

ಆರಿಸಿದ್ದು ‘ನಾಕ್ಟುರಾಮಾ’. 2016ರ ಫ್ರೆಂಚ್ ಸಿನಿಮಾ, ಸುಮಾರು 130 ನಿಮಿಷ. ನಿರ್ದೇಶಕ ಬರ್ಟ್ರಾಂಡ್ ಬೊನೆಲ್ಲೊ, ಹಿನ್ನೆಲೆ ಸಂಗೀತವೂ ಅವರದೇ. ಹರೆಯದ ಹುಡುಗ ಹುಡುಗಿಯರ ಗುಂಪೊಂದು ಒಂದು ಮಧ್ಯಾಹ್ನ ಮೆಟ್ರೋ ಹತ್ತಿ ಇಳಿದು, ಒಬ್ಬರನ್ನೊಬ್ಬರು ನೋಡಿಯೂ ನೋಡದ ಹಾಗೆ ನಡೆದು, ಪ್ಯಾರಿಸಿನ ಬೇರೆ ಬೇರೆ ಕಡೆ ಬಾಂಬ್ ಇಡುತ್ತಾರೆ. ರಾತ್ರಿ ಒಂದು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ನೊಳಗೆ ಅಡಗಿ ಕೂರುತ್ತಾರೆ. ಯಾಕೆ ಇಟ್ಟರು? ಹೇಳುವುದೇ ಇಲ್ಲ. ಘೋಷಣೆ ಇಲ್ಲ, ಪತ್ರ ಇಲ್ಲ, ಧರ್ಮದ ಹೆಸರಿನಲ್ಲಿ ಮಾಡುವುದೂ ಅಲ್ಲ. ದೊಡ್ಡ ಕಾಲೇಜಿನ ದಾರಿ ಹಿಡಿದವನೂ ಇದ್ದಾನೆ, ಊರ ಹೊರಗಿನ ಬಡಾವಣೆಯವನೂ ಇದ್ದಾನೆ.

ಮೊದಲ ಒಂದು ಗಂಟೆ ಮಾತು ತೀರಾ ಕಡಿಮೆ. ಒಳ್ಳೇದಾಯ್ತು, ಕೆಲಸ ಕಮ್ಮಿ ಅಂದುಕೊಂಡೆ. ನನ್ನ ಲೆಕ್ಕ ತಪ್ಪಿತ್ತು. ಮಾತು ಜಾಸ್ತಿ ಇರುವ ಸಿನಿಮಾದಲ್ಲಿ ಒಂದು ಸಾಲು ಕೆಟ್ಟರೆ ಮುಂದಿನ ಸಾಲು ಮುಚ್ಚಿ ಹಾಕುತ್ತದೆ. ಇಲ್ಲಿ ಹತ್ತು ನಿಮಿಷ ಸುಮ್ನೆ ಕೂತ ಮೇಲೆ ಒಂದು ಮಾತು ಬರುತ್ತದೆ, ಇಡೀ ಹಾಲ್ ಅದನ್ನೇ ಓದುತ್ತದೆ.

ಎಂಥ ಕನ್ನಡ ಹಾಕುವುದು ಅನ್ನುವುದು ಮೊದಲ ತಲೆನೋವು. ಬಡಾವಣೆ ಹುಡುಗರಿಗೆ ಬೆಂಗಳೂರಿನ ‘ಮಚ್ಚಾ’, ‘ಗುರು’ ಹಾಕಿ ನೋಡಿದೆ. ನಮ್ಮೂರಿನ ಕಣ್ಣಿಗೆ ಅದು ಯಾವುದೋ ಕನ್ನಡ ಸಿನಿಮಾದ ಫೈಟ್ ಸೀನ್. ಸರಿ, ನಮ್ಮದೇ ಇರಲಿ ಎಂದು ‘ಎಂಥ ಮಾರಾಯ’ ಬರೆದೆ. ತಮ್ಮನಿಗೆ ತೋರಿಸಿದೆ. ಪ್ಯಾರಿಸಿನ ಮೆಟ್ರೋದಲ್ಲಿ ಒಬ್ಬ ‘ಮಾರಾಯ’ ಅಂದ ಕೂಡಲೇ ಬಿದ್ದು ಬಿದ್ದು ನಕ್ಕ. ಅಳಿಸಿದೆ. ಕೊನೆಗೆ ಕಾಲೇಜು ಹುಡುಗರು ವಾಟ್ಸಾಪ್‌ನಲ್ಲಿ ಬರೆಯುವ ಹಾಗೆ ಬರೆದೆ: ಚಿಕ್ಕ ಸಾಲು, ಊರಿನ ಗುರುತು ಇಲ್ಲ, ‘ಬರ್ತೀಯಾ’, ‘ಗೊತ್ತಿಲ್ಲ’, ‘ಸಾಕು ಬಿಡು’.

ಎರಡನೆಯದು ನೀನು, ನೀವು. ನಾನು ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡು ಅನುವಾದ ಮಾಡುತ್ತಿದ್ದೆ. ಇಂಗ್ಲಿಷಿನಲ್ಲಿ ಎಲ್ಲರೂ ಒಂದೇ ಅಲ್ವಾ. ಆದರೆ ಫ್ರೆಂಚಿನಲ್ಲಿ ನಮ್ಮ ಹಾಗೇ ಎರಡಿದೆ. ಯಾರು ಯಾರಿಗೆ ಯಾವುದು ಹೇಳಿದರು ಅಂತ ತಿಳಿಯಬೇಕಲ್ಲ. ಮಾಹೆಯಲ್ಲಿ ನಿವೃತ್ತ ಫ್ರೆಂಚ್ ಟೀಚರ್ ಒಬ್ಬರಿದ್ದಾರೆ. 1954ರವರೆಗೆ ಫ್ರೆಂಚರ ಕೈಯಲ್ಲಿದ್ದ ಊರು ಅದು, ರೈಲಿನಲ್ಲಿ ಹೋಗಿ ಬಂದರೆ ಒಂದು ದಿನದ ಕೆಲಸ. ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು, ಬೆರಳು ಮಡಚಿ ‘ನೀನು, ನೀನು, ನೀವು’ ಎಂದು ಎಣಿಸಿದರು. ಬಾಂಬ್ ಸಿನಿಮಾ ಅಂತ ಮೊದಲೇ ಹೇಳಿರಲಿಲ್ಲ. ಬೈದರು, ಆಮೇಲೆ ಚಹಾ ಕೊಟ್ಟರು.

ಸೈಕಲ್ ಹುಡುಗಿಯ ಮಾತನ್ನೂ ಅವರಲ್ಲೇ ಕೇಳಿದೆ. ಎರಡೂ ಅರ್ಥ ಬರುತ್ತದೆ ಅಂದರು: ಆಗುವುದು ಖಂಡಿತ ಇತ್ತು ಅಂತಲೂ, ಆಗಬೇಕಾದದ್ದೇ ಅಂತಲೂ. ನಾನು ಮೊದಲು ಬರೆದದ್ದು ‘ಆಗಲೇಬೇಕಿತ್ತು’. ಅದನ್ನು ನಮ್ಮ ಕಡೆ ಯಾರಾದರೂ ಹೇಳಿದರೆ, ಒಳ್ಳೇದೇ ಆಯ್ತು ಎಂಬ ಖುಷಿ ಕೇಳಿಸುತ್ತದೆ. ಹುಡುಗಿ ಬಾಂಬಿನ ಪರ ಎಂದಾಯಿತು. ಮತ್ತೆ ‘ಆಗುವುದೇ ಇತ್ತು’ ಮಾಡಿದೆ. ಅದು ಸಾವಿನ ಮನೆಯಲ್ಲಿ ಅಜ್ಜಂದಿರು ಹೇಳುವ ಮಾತು, ಹಣೆಬರಹದ ಪೈಕಿ. ‘ಇವತ್ತಲ್ಲ ನಾಳೆ ಆಗ್ತಿತ್ತು’ ಎಂದೂ ಮಾಡಿದೆ. ಅದರಲ್ಲಿ ಟಿವಿ ಚರ್ಚೆಯ ವಾಸನೆ. ಮೂರು ವಾರದಲ್ಲಿ ಹನ್ನೊಂದು ಸಲ ಬದಲಿಸಿದೆ, ಫೈಲ್ ಈಗಲೂ ಇದೆ. ಕೊನೆಗೆ ಉಳಿದದ್ದು ‘ಆಗಬೇಕಿತ್ತು. ಆಯ್ತು.’ ಒಂದು ‘ಲೇ’ ತೆಗೆಯಲು ಅಷ್ಟು ದಿನ!

ಹೆಸರಿನದ್ದೂ ಒಂದು ಕಥೆ ಇದೆ. ಬೊನೆಲ್ಲೊ ಮೊದಲು ಇಟ್ಟ ಹೆಸರು ಹೆಮಿಂಗ್ವೇಯ ಪ್ಯಾರಿಸ್ ನೆನಪುಗಳ ಪುಸ್ತಕಕ್ಕೆ ಫ್ರೆಂಚಿನಲ್ಲಿರುವ ಹೆಸರು. 2015ರ ನವೆಂಬರಿನಲ್ಲಿ ಪ್ಯಾರಿಸಿನ ಮೇಲೆ ಉಗ್ರರ ದಾಳಿಯಾದ ಮೇಲೆ ಜನ ಅದೇ ಪುಸ್ತಕವನ್ನು ಹೂವು ಮೇಣದಬತ್ತಿಯ ಜೊತೆ ರಸ್ತೆಯಲ್ಲಿ ಇಟ್ಟರು. ಅದಕ್ಕೆ ಬೊನೆಲ್ಲೊ ಹೆಸರು ಬದಲಿಸಿದರು. ಹೊಸದು ಹಾಡುಗಾರ ನಿಕ್ ಕೇವ್ ಅವರ 2003ರ ಆಲ್ಬಮ್‌ನ ಹೆಸರು. ಮೃಗಾಲಯದಲ್ಲಿ ರಾತ್ರಿ ಓಡಾಡುವ ಪ್ರಾಣಿಗಳನ್ನು ಇಡುವ ಕತ್ತಲೆ ಜಾಗಕ್ಕೂ ಹಾಗೆ ಹೇಳುತ್ತಾರೆ. ಪೋಸ್ಟರಿಗೆ ಕನ್ನಡ ಹೆಸರು ಬೇಕು ಎಂದಾಗ ನಮ್ಮವನೊಬ್ಬ ‘ಇಡೀ ರಾತ್ರಿ ಆಟ’ ಅಂದ. ಯಕ್ಷಗಾನ ಎಂದುಕೊಂಡು ಕುಂಬಳೆ ಕಡೆಯವರು ಕವಳ ಕಟ್ಟಿಕೊಂಡು, ವೇಷ ಕಟ್ಟುವ ಚೌಕಿ ಹುಡುಕಿ ಬಂದಾರು, ಬೇಡ ಅಂದೆವು.

ಪೋಸ್ಟರಿನಲ್ಲಿ ನಾನು ಒಂದು ತಪ್ಪು ಮಾಡಿದೆ. ‘ನಗರದ ಭಯೋತ್ಪಾದನೆ ಕುರಿತ ಸಿನಿಮಾ’ ಎಂದು ಬರೆದೆ. ಹಾಲ್ ನೋಡಿಕೊಳ್ಳುವವರು ಅರ್ಧ ಗಂಟೆಯೊಳಗೆ ಫೋನ್ ಮಾಡಿದರು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಸಿನಿಮಾ ಬಂದ ಅದೇ 2016ರಲ್ಲಿ ನಮ್ಮ ಜಿಲ್ಲೆಯ ತೆಂಕು ಭಾಗದ ಕೆಲವರು, ಹೆಂಡತಿ ಮಕ್ಕಳ ಸಮೇತ, ಐಎಸ್ ಎಂಬ ಉಗ್ರ ಸಂಘಟನೆ ಸೇರಲು ಅಫ್ಘಾನಿಸ್ತಾನಕ್ಕೆ ಹೋದರು ಎಂಬ ಸುದ್ದಿ ದೇಶವಿಡೀ ಹರಡಿತು. ಆ ವರ್ಷ ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳುವಾಗ ಊರು ಕಾಸರಗೋಡು ಎಂದರೆ ಎದುರಿನವರು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಪೋಸ್ಟರಿನಿಂದ ಆ ಪದ ತೆಗೆದೆ. ‘ಪ್ಯಾರಿಸಿನ ಒಂದು ಹಗಲು, ಒಂದು ರಾತ್ರಿ’ ಎಂದು ಹಾಕಿದೆ.

ಹಿಂದಿನ ದಿನ ಹಾಲ್‌ನಲ್ಲಿ ಟ್ರಯಲ್. ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿ ಒತ್ತಕ್ಷರವೆಲ್ಲ ಒಡೆದು ಹೋಯಿತು. ‘ಸ್ಫೋಟ’ ಎಂಬುದು ‘ಸ್‌ಫೋಟ’ ಆಗಿ ನಿಂತಿತ್ತು. ಫಾಂಟ್ ಬದಲಿಸಿದರೂ ಅಷ್ಟೇ. ಕೊನೆಗೆ ಮನೆಗೆ ತಂದು ಸಬ್‌ಟೈಟಲನ್ನು ಚಿತ್ರದ ಮೇಲೆಯೇ ಅಚ್ಚು ಹಾಕಿದೆ, ನೋಟೊ ಸಾನ್ಸ್ ಕನ್ನಡ ಎಂಬ ಫಾಂಟಿನಲ್ಲಿ. ಹೀಗೆ ಮಾಡಿದರೆ ಆಮೇಲೆ ಒಂದಕ್ಷರ ತಿದ್ದಲಿಕ್ಕೂ ಆಗುವುದಿಲ್ಲ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು: ಎರಡು ಸಾಲಿನ ನಡುವೆ ಜಾಗ ಜಾಸ್ತಿ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ.

ಪ್ರದರ್ಶನದ ದಿನ ಮೂವತ್ತರಷ್ಟು ಜನ. ನಡುವೆ ಎದ್ದು ಹೋದವರು ನಾಲ್ಕು. ಮುಗಿದ ಮೇಲೆ ಜಗಳ. ‘ಆಗಬೇಕಿತ್ತು ಅಂತ ಆ ಹುಡುಗಿಯೇ ಹೇಳಿದಳಲ್ಲ, ಇದು ಅವರ ಪರವಾದ ಸಿನಿಮಾ’ ಎಂದು ಒಬ್ಬರು. ‘ಅವಳು ನೊಂದು ಹೇಳಿದ್ದು’ ಎಂದು ಇನ್ನೊಬ್ಬರು. ನಾನು ಬಾಯಿ ಬಿಡಲಿಲ್ಲ.

ಬಸ್ ಸ್ಟ್ಯಾಂಡ್ ಹತ್ತಿರದ ಜವಳಿ ಅಂಗಡಿಯಲ್ಲಿ ಗೊಂಬೆಗಳಿಗೆ ಬಟ್ಟೆ ಹಾಕುವ ಹುಡುಗನೊಬ್ಬ ಬಂದಿದ್ದ. ಅವನು ಹಿಡಿದುಕೊಂಡದ್ದು ಬೇರೆಯೇ. ಅಡಗಿದ ಹುಡುಗರಲ್ಲಿ ಒಬ್ಬ ಅಂಗಡಿಯೊಳಗೆ ನಡೆಯುತ್ತಾ ಒಂದು ಗೊಂಬೆಯ ಎದುರು ನಿಲ್ಲುತ್ತಾನೆ. ಅದು ಹಾಕಿದ್ದೂ ಇವನು ಹಾಕಿದ್ದೂ ಒಂದೇ ಬಟ್ಟೆ. ಚಿತ್ರೀಕರಣ ನಡೆದದ್ದು ಲಾ ಸಮಾರಿತೆನ್ ಎಂಬ ಹಳೆಯ ಅಂಗಡಿಯಲ್ಲಿ, ಅದು 2005ರಲ್ಲೇ ಮುಚ್ಚಿತ್ತು, ಒಳಗಿದ್ದದ್ದೆಲ್ಲ ಸಿನಿಮಾಕ್ಕೆ ಜೋಡಿಸಿದ್ದು ಎಂದು ವಿವರಿಸಹೊರಟೆ. ಅವನಿಗೆ ಅದು ಬೇಡವಿತ್ತು. ‘ನಾವು ಗೊಂಬೆಗೆ ಹಾಕುವುದು ರಸ್ತೆಯಲ್ಲಿ ಹೋಗುವ ಹುಡುಗರನ್ನು ನೋಡಿಯೇ’ ಅಂದ. ‘ಅವರು ಹಾಕುವುದು ನಮ್ಮ ಗೊಂಬೆ ನೋಡಿ.’

ಕುರ್ಚಿ ಜೋಡಿಸುವಾಗ ಅವನೇ ಇನ್ನೊಂದು ಕೇಳಿದ. ಕೊನೆಯಲ್ಲಿ ಪೊಲೀಸರು ಒಬ್ಬೊಬ್ಬರನ್ನೇ ಗುಂಡಿಕ್ಕಿ ಬರುತ್ತಾರೆ, ಉಳಿದ ಹುಡುಗ ಸಹಾಯ ಬೇಡುತ್ತಾನೆ. ಇಂಗ್ಲಿಷಿನಲ್ಲಿ ಅದು ಯಾರಿಗೆ ಎಂದು ಗೊತ್ತಾಗುವುದಿಲ್ಲ, ಫ್ರೆಂಚಿನಲ್ಲಿ ‘ನೀವು’. ಹಾಗಾಗಿ ‘ಕಾಪಾಡಿ’ ಎಂದು ಬರೆದಿದ್ದೆ.

‘ಅಣ್ಣಾ, ಅವನು ಕಾಪಾಡಿ ಅಂದದ್ದು ಪೊಲೀಸರಿಗಾ, ದೇವರಿಗಾ?’

ದೇವರಿಗಾದರೆ ನಾವು ‘ಕಾಪಾಡು’ ಅನ್ನುತ್ತೇವೆ, ‘ಕಾಪಾಡಿ’ ಅಲ್ಲ ಅಂದೆ. ಅವನು ಸ್ವಲ್ಪ ಯೋಚಿಸಿ, ‘ಹಾಗಾದ್ರೆ ನಮಗೆ’ ಅಂದು ಕುರ್ಚಿ ಎತ್ತಿಕೊಂಡು ಹೋದ.